ಶಾಹಜಹಾನನ ಜೇಡ್ ಬಟ್ಟಲು

ಕೇಳುಗರೇ, ನಮಸ್ಕಾರ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಶಾಹಜಹಾನನ ಬಿಳಿ ಜೇಡ್ ಕಲ್ಲಿನ ಬಟ್ಟಲಿದೆ. ಉದ್ದ 18.7 ಸೆಂಟಿಮೀಟರ್, ಅಗಲ 14. ಆಕಾರ ಸೀಳಿದ ಸೋರೆಬುರುಡೆಯದು. ಕಿರಿದಾಗುತ್ತ ಹೋದ ತುದಿ ಬಾಗಿ, ಮೇಕೆಯ ತಲೆಯ ಹಿಡಿಯಾಗಿದೆ. ತಳದಲ್ಲಿ ಅರಳಿದ ಕಮಲ. ಮೈಮೇಲೆ ಬಾದಶಹನ ಬಿರುದು, ಜೊತೆಗೆ ಹಿಜರಿ 1067, ಅಂದರೆ ಕ್ರಿ.ಶ. 1657.

ಜೇಡ್ ಉಳಿಗೆ ಬಗ್ಗುವ ಕಲ್ಲಲ್ಲ. ಒಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹೊಡೆತಕ್ಕೆ ಸುಲಭವಾಗಿ ಒಡೆಯದು. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಗಡಸುತನ 6ರಿಂದ 6.5, ಸಾಮಾನ್ಯ ಚಾಕುವಿನಿಂದ ಗೀರು ಬೀಳದು. ಅದನ್ನು ತೇಯಲೇಬೇಕು. ಗಡಸುತನ 9 ಇರುವ ಕುರುಂದದ ಪುಡಿಯನ್ನು ನೀರಿನಲ್ಲಿ ಕಲಸಿ, ತಿರುಗುವ ಚಕ್ರಕ್ಕೆ ಹಚ್ಚಿ ತೇಯುತ್ತಾರೆ. ನೀರು ಒಣಗಿದರೆ ಪುಡಿ ಹಾರಿಹೋಗುತ್ತದೆ, ಕಲ್ಲು ಕಾಯುತ್ತದೆ. ಗೋಡೆ ತೆಳುವಾದಷ್ಟೂ ಅಪಾಯ ಹೆಚ್ಚು: ಒಳಗೆ ಅಡಗಿದ ಬಿರುಕು ಕೊನೆಯ ಹಂತದಲ್ಲಿ ಬಾಯಿ ಬಿಟ್ಟರೆ ಅಷ್ಟೂ ದುಡಿಮೆ ನೀರುಪಾಲು.

ಇನ್ನು, ಇದರಲ್ಲಿ ಕುಡಿದದ್ದೇನು? ಎಲ್ಲರೂ ಮದ್ಯದ ಬಟ್ಟಲು ಅನ್ನುತ್ತಾರೆ. ಬರಹದಲ್ಲಿ ಮದ್ಯದ ಸುದ್ದಿಯೇ ಇಲ್ಲ! ಮಗ ಶಾಹಜಹಾನ 24ರ ವಯಸ್ಸಿಗೆ ಬರುವವರೆಗೂ ಮದ್ಯ ಮುಟ್ಟಿರಲಿಲ್ಲವೆಂದು ಸ್ವತಃ ಜಹಾಂಗೀರನೇ ಬರೆದಿದ್ದಾನೆ; ಅಪ್ಪನಿಗಾದರೋ ಮದ್ಯ, ಅಫೀಮು ಎರಡೂ ಬೇಕಿತ್ತು. ಹಾಗಾಗಿ ಇಂಥ ಬಟ್ಟಲಿಗೆ ಶರಬತ್ತನ್ನೂ ಅಫೀಮಿನ ನೀರನ್ನೂ ಲೆಕ್ಕಕ್ಕೆ ಹಿಡಿಯುವುದೇ ಸರಿ. ವಿಷ ಬಿದ್ದರೆ ಜೇಡ್ ಬಿರಿಯುತ್ತದೆಂಬ ನಂಬಿಕೆಯೂ ಇತ್ತು. ಅದು ಬರೀ ನಂಬಿಕೆ. ಜೇಡ್ ಒಂದು ಸಿಲಿಕೇಟು, ಅಂದರೆ ಸಿಲಿಕಾನ್, ಆಮ್ಲಜನಕ ಸೇರಿದ ಖನಿಜ; ವಿಷ ಬಿದ್ದರೂ ಅದು ಬಿರಿಯದು.

ಹುಳಿಯ ವಿಚಾರ ಮಾತ್ರ ಬೇರೆ. ಅಮೃತಶಿಲೆಯ ಬಟ್ಟಲಿಗೆ ನಿಂಬೆ ಶರಬತ್ತನ್ನೋ ದ್ರಾಕ್ಷಾರಸವನ್ನೋ ಸುರಿದರೆ ಹುಳಿ ಸುಣ್ಣವನ್ನು ತಿಂದು ಮೆರುಗು ಹೋಗುತ್ತದೆ. ಜೇಡ್ ಅದಕ್ಕೆ ಜಗ್ಗುವುದಿಲ್ಲ. ಹಳೆಯ ಅಮೃತಶಿಲೆ ಬಟ್ಟಲಿನ ಒಳಮೈ ಇನ್ನೂ ಥಳಥಳಿಸುತ್ತಿದ್ದರೆ ಅದರಲ್ಲಿ ಹುಳಿ ಪಾನೀಯ ಹೆಚ್ಚು ದಿನ ನಿಂತಿಲ್ಲ ಎಂದು ಊಹಿಸಬಹುದು. ಆಮೇಲೆ ಯಾರೋ ಉಜ್ಜಿ ಹೊಳಪು ಕೊಟ್ಟಿದ್ದರೆ ಆ ಊಹೆಗೆ ಬೆಲೆಯಿಲ್ಲ.

ನಿಮ್ಮಲ್ಲಿ ಹಳೆಯ ಕಲ್ಲಿನ ಬಟ್ಟಲಿದ್ದರೆ ಗೀರಿ ಪರೀಕ್ಷಿಸಬೇಡಿ. ಅಂಟಿಸಿದ ಗುರುತು, ಲೋಹದ ಕಟ್ಟು ಇಲ್ಲವೆಂದು ಖಚಿತಪಡಿಸಿಕೊಂಡು, ಮೊದಲು ಹಾಗೆಯೇ ತೂಗಿ. ಬಳಿಕ ದಾರದಲ್ಲಿ ನೇತುಹಾಕಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ, ಗಾಳಿಗುಳ್ಳೆ ಅಂಟಿರಬಾರದು. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ಹಾಗೆಯೇ ತೂಗಿದಾಗ 295 ಗ್ರಾಂ ಇದ್ದದ್ದು ನೀರಿನಲ್ಲಿ 195 ಆದರೆ ಉತ್ತರ 2.95, ಅದು ಜೇಡ್‌ಗೆ ಹೊಂದುತ್ತದೆ. 2.7ರ ಆಸುಪಾಸು ಬಂದರೆ ಅಮೃತಶಿಲೆ ಇರಬಹುದು, 2.6 ಬಂದರೆ ಜೇಡ್ ಎಂದು ಮಾರುವ ಸರ್ಪೆಂಟೈನ್ ಎಂಬ ಕಲ್ಲಿನ ಮೇಲೆ ಅನುಮಾನಪಡಿ.