ಶಿಬಿರಕ್ಕೆ ಬಂದ ಮಕ್ಕಳು ಯಾರ ಹೊಣೆ?

ಕೇಳುಗರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತು ಅಂದರೆ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳ ಓಡಾಟ ಶುರುವಾಗುತ್ತದೆ. ವಿಜ್ಞಾನ ಶಿಬಿರ, ಕ್ರೀಡಾ ತರಬೇತಿ, ರಂಗ ಶಿಬಿರ, ಹೀಗೆ. ಹೈಸ್ಕೂಲ್, ಪಿಯುಸಿ ಮಕ್ಕಳು ನಾಲ್ಕೈದು ದಿನ ಅಲ್ಲಿನ ಹಾಸ್ಟೆಲ್‌ನಲ್ಲೇ ಉಳಿಯುವುದೂ ಉಂಟು. ಇಂಥ ಶಿಬಿರಗಳು ಇನ್ನೂ ಜಾಸ್ತಿ ಆಗಲಿ ಅನ್ನುವವಳು ನಾನು. ಆದರೆ ವಿಶ್ವವಿದ್ಯಾಲಯ ದೊಡ್ಡವರಿಗಾಗಿ ಕಟ್ಟಿದ ಜಾಗ. ಶಾಲೆಯ ಹಾಗೆ ಹಾಜರಿ ಕೂಗಿ, ಗೇಟು ಹಾಕುವ ರೂಢಿ ಅಲ್ಲಿಲ್ಲ. ಶಿಬಿರ ನಡೆಸುವವರು ಒಬ್ಬರು, ಸಭಾಂಗಣ ಕೊಟ್ಟವರು ಇನ್ನೊಬ್ಬರು, ಹಾಸ್ಟೆಲ್ ನೋಡಿಕೊಳ್ಳುವವರು ಮತ್ತೊಬ್ಬರು. ಹಾಗಾದರೆ ಮಕ್ಕಳು ಯಾರ ಹೊಣೆ?

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆಯನ್ನು ಯಾರೂ ಸಮಯಕ್ಕೆ ಕೇಳಿಕೊಳ್ಳಲಿಲ್ಲ. ಜೆರ್ರಿ ಸ್ಯಾಂಡಸ್ಕಿ ಅಲ್ಲಿ ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರ. ಕಷ್ಟದ ಮನೆಗಳಿಂದ ಬಂದ ಮಕ್ಕಳಿಗಾಗಿ 1977ರಲ್ಲಿ ಒಂದು ಸೇವಾ ಸಂಸ್ಥೆ ಕಟ್ಟಿದ್ದ. 1999ರಲ್ಲಿ ನಿವೃತ್ತನಾದ ಮೇಲೂ ಕ್ರೀಡಾ ಕಟ್ಟಡಕ್ಕೆ ಅವನಿಗೆ ಮುಕ್ತ ಪ್ರವೇಶ ಇತ್ತು. 2001ರ ಒಂದು ರಾತ್ರಿ ಅಲ್ಲಿನ ಸ್ನಾನದ ಕೋಣೆಯಲ್ಲಿ ಅವನನ್ನು ಒಬ್ಬ ಹುಡುಗನ ಜೊತೆ ಒಬ್ಬ ಯುವ ಸಹಾಯಕ ಕಂಡ. ಮರುದಿನ ಮುಖ್ಯ ತರಬೇತುದಾರರಿಗೆ ಹೇಳಿದ. ಅವರು ಮೇಲಿನವರಿಗೆ ಹೇಳಿದರು. ಮಾತು ವಿಶ್ವವಿದ್ಯಾಲಯದ ಅಧ್ಯಕ್ಷರವರೆಗೂ ಹೋಯಿತು. ಹುಡುಗರನ್ನು ಇನ್ನು ಇಲ್ಲಿಗೆ ಕರೆತರಬೇಡ ಅಂತ ಅವನಿಗೆ ಹೇಳಿ ಕೈತೊಳೆದುಕೊಂಡರು. ಪೊಲೀಸರಿಗೆ ಯಾರೂ ತಿಳಿಸಲಿಲ್ಲ. ಆ ಹುಡುಗ ಯಾರು, ಈಗ ಹೇಗಿದ್ದಾನೆ ಅಂತ ವಿಚಾರಿಸಲೂ ಇಲ್ಲ. ಮಗು ಆ ಸೇವಾ ಸಂಸ್ಥೆಯದು, ಆಸಾಮಿ ನಿವೃತ್ತ, ನಮ್ಮದು ಬರೀ ಕಟ್ಟಡ ಅನ್ನುವ ಹಾಗೆ.

ಅವನ ಬಂಧನ ಆಗಿದ್ದು 2011ರಲ್ಲಿ. ಮರುವರ್ಷ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ 45 ಆರೋಪಗಳು ಸಾಬೀತಾಗಿ, ಕನಿಷ್ಠ 30 ವರ್ಷದ ಸೆರೆವಾಸ ಆಯಿತು. 2017ರಲ್ಲಿ ವಿಶ್ವವಿದ್ಯಾಲಯದ ಹಿಂದಿನ ಅಧ್ಯಕ್ಷರೂ ಸೇರಿ ಮೂವರು ಅಧಿಕಾರಿಗಳಿಗೂ ಜೈಲು ಶಿಕ್ಷೆ ಆಯಿತು. ಆದರೆ ನಡುವಿನ ಹತ್ತು ವರ್ಷ? ಆ ಮಕ್ಕಳಿಗೆ ಅದನ್ನು ಯಾರು ವಾಪಸ್ ಕೊಡುತ್ತಾರೆ?

ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ಪೋಕ್ಸೊ ಕಾಯ್ದೆ ಇದೆ. 18 ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳೇ. ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ, ನಡೆಯಬಹುದು ಅನ್ನುವ ಆತಂಕ ಇದ್ದರೂ, ಪೊಲೀಸರಿಗೆ ತಿಳಿಸಲೇಬೇಕು. 'ನಾನು ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದೆ' ಅಂದರೆ ಸಾಲದು. ತಿಳಿಸದೆ ಇದ್ದವರಿಗೆ ಆರು ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಇದೇ ಕಾಯ್ದೆಯ 2020ರ ನಿಯಮಗಳಂತೂ ಮಕ್ಕಳ ಜೊತೆ ನಿಯಮಿತವಾಗಿ ಒಡನಾಡುವ ಸಂಸ್ಥೆಗಳ ಸಿಬ್ಬಂದಿಗೆಲ್ಲ, ಗುತ್ತಿಗೆಯವರಿಗೂ ಸೇರಿ, ಪೊಲೀಸ್ ಪರಿಶೀಲನೆ ಆಗಬೇಕು ಅನ್ನುತ್ತವೆ.

ಆದರೆ ಕಾಯ್ದೆ ಕೆಲಸಕ್ಕೆ ಬರುವುದು ಬಹುಪಾಲು ಪೆಟ್ಟು ಬಿದ್ದ ಮೇಲೆ. ನನ್ನ ಚಿಂತೆ ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ಹೊತ್ತಿನದು. ತರಗತಿಯಲ್ಲಿ ನಲವತ್ತು ಜೊತೆ ಕಣ್ಣಿರುತ್ತವೆ. ಕ್ಲಾಸ್ ಮುಗಿದ ಮೇಲೆ? ಮೇಷ್ಟ್ರು ಮನೆಗೆ ಹೋಗಿರುತ್ತಾರೆ. ರಜೆ ಅಂತ ವಾರ್ಡನ್ ಊರಿಗೆ ಹೋಗಿರುತ್ತಾರೆ. ಉಳಿಯುವವರು ಇಬ್ಬರು ಎಂಎಸ್‌ಸಿ ಸ್ವಯಂಸೇವಕರು, ಒಬ್ಬ ವಾಚ್‌ಮನ್. ಒಂದು ಹುಡುಗಿಗೆ ತಲೆನೋವು ಅಂತಿಟ್ಟುಕೊಳ್ಳಿ. 'ಬಾ, ಬೈಕಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಬರೋಣ' ಅನ್ನುತ್ತಾನೆ ಒಬ್ಬ ಸ್ವಯಂಸೇವಕ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನಿಜವಾದ ಕಾಳಜಿಯೇ. ಆದರೂ ಬೇಡ. ಒಬ್ಬ ದೊಡ್ಡವರು, ಒಂದು ಮಗು, ಬೇರೆ ಯಾರ ಕಣ್ಣಿಗೂ ಬೀಳದ ಜಾಗ: ಈ ಮೂರೂ ಒಟ್ಟಿಗೆ ಸೇರದ ಹಾಗೆ ನೋಡಿಕೊಳ್ಳಬೇಕು. ಇನ್ನೊಬ್ಬ ದೊಡ್ಡವರು ಜೊತೆಗೆ ಹೋಗಲಿ, ಆಟೋದಲ್ಲಿ ಹೋಗಲಿ, ಹೊರಟ ಹೊತ್ತನ್ನು ಪುಸ್ತಕದಲ್ಲಿ ಬರೆಯಲಿ. ಇದು ಆ ಹುಡುಗನ ಮೇಲೆ ಅನುಮಾನ ಅಲ್ಲ. ಅವನಿಗೂ ರಕ್ಷಣೆಯೇ, ಅಲ್ವಾ?

ಫೋನಿಗೂ ಇದೇ ಮಾತು. ಶಿಬಿರದ ವಿಷಯ ಗುಂಪಿನಲ್ಲೇ ಬರಲಿ, ಪೋಷಕರೂ ಆ ಗುಂಪಿನಲ್ಲಿರಲಿ. ಮಗುವಿಗೆ ರಾತ್ರಿ ಹನ್ನೊಂದಕ್ಕೆ ಯಾವ ಸಂಪನ್ಮೂಲ ವ್ಯಕ್ತಿಯೂ ಒಂಟಿಯಾಗಿ ಮೆಸೇಜ್ ಕಳಿಸಬೇಕಾಗಿಲ್ಲ.

ಅಪ್ಪ ಅಮ್ಮಂದಿರೇ, ಶುಲ್ಕ ಎಷ್ಟು, ಊಟ ಹೇಗೆ ಅಂತ ಕೇಳುತ್ತೀರಿ. ಜೊತೆಗೆ ರಾತ್ರಿ ಹಾಸ್ಟೆಲ್‌ನಲ್ಲಿ ಯಾರು ಮಲಗುತ್ತಾರೆ, ಅವರ ಹೆಸರೇನು ಅಂತಲೂ ಕೇಳಿ. 'ಯಾರಾದರೂ ಇರ್ತಾರೆ ಬಿಡಿ' ಅಂದರೆ ಒಪ್ಪಬೇಡಿ. ಶಿಬಿರ ನಡೆಸುವವರೇ, ಮೊದಲ ದಿನದ ಸ್ವಾಗತ ಭಾಷಣವನ್ನು ಹತ್ತು ನಿಮಿಷ ಮೊಟಕು ಮಾಡಿ. ಏನಾದರೂ ಇರುಸುಮುರುಸಾದರೆ ಯಾರ ಹತ್ತಿರ ಹೇಳಬಹುದು ಅಂತ ಇಬ್ಬರು ದೊಡ್ಡವರನ್ನು ಮಕ್ಕಳೆದುರು ನಿಲ್ಲಿಸಿ ತೋರಿಸಿ. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಮಕ್ಕಳ ಸಹಾಯವಾಣಿ 1098 ಅನ್ನುವುದನ್ನು ಪ್ರತಿ ಕೋಣೆಯ ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿ. ಫೋನ್ ಇಲ್ಲದ ಮಕ್ಕಳಿಗೆ, ಯಾರನ್ನೂ ಕೇಳದೆ ಬಳಸುವಂಥ ಒಂದು ಫೋನನ್ನೂ ಅಲ್ಲಿಡಿ.

ನಮಸ್ಕಾರ.