ರಾಗಿ ಹೊಲ, ಎಂಟನೇ ಕ್ಲಾಸು

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ರಾಗಿ ಹೊಲ. ತುಮಕೂರು ಕಡೆಯ ಜಮೀನು, ಬೋರ್‌ವೆಲ್ ಇಲ್ಲ, ಮಳೆ ಬಂದರೆ ಬೆಳೆ. ವಾರವಿಡೀ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ, ಸಂಜೆ, ಭಾನುವಾರ ಇಲ್ಲಿ ಅಪ್ಪ ಅವ್ವನ ಕೈಕೆಳಗೆ ಆಳು. ಸಂಬಳವೂ ಅಲ್ಲಿಂದ ಬಂದು ಇಲ್ಲಿಗೇ ಸೇರುತ್ತದೆ, ಅದು ಬೇರೆ ಮಾತು.

ಎರಡು ಕೆಲಸದಲ್ಲೂ ತಲೆನೋವು ಒಂದೇ. ನಾವು ಶುರು ಮಾಡುವ ಹೊತ್ತಿಗೆ ಅರ್ಧ ಕಥೆ ಆಗಲೇ ನಡೆದುಹೋಗಿರುತ್ತದೆ. ಎಂಟನೇ ಕ್ಲಾಸಿಗೆ ಬರುವ ಮಗು ಏಳು ವರ್ಷ ಬೇರೆ ಮೇಷ್ಟ್ರುಗಳ ಕೈಯಲ್ಲಿ ಬೆಳೆದಿರುತ್ತದೆ. ಈ ಮಣ್ಣಿನಲ್ಲೂ ತಾತ ಹಾಕಿದ ಕೊಟ್ಟಿಗೆ ಗೊಬ್ಬರ ಇದೆ, ನಾವು ಸುರಿದ ಯೂರಿಯಾನೂ ಇದೆ.

ಅದಕ್ಕೇ ಶಾಲೆ ಶುರುವಾದ ಕೂಡಲೇ ಸೇತುಬಂಧ ಮಾಡುತ್ತೇವೆ. ಹಿಂದಿನ ತರಗತಿಗಳದ್ದು ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಅಂತ ನೋಡುವುದು. ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮ ಗೊತ್ತಲ್ವಾ? ಹೊಲದ ಹತ್ತಾರು ಕಡೆ ವಿ ಆಕಾರದ ಗುಣಿ ತೆಗೆಯಬೇಕು. ಗೊಬ್ಬರದ ಗುಡ್ಡೆ ಇದ್ದ ಜಾಗ, ಮರದ ಬುಡ, ಬದುವಿನ ಪಕ್ಕ ಬಿಡಬೇಕು. ಗುಡ್ಡೆ ಇದ್ದಲ್ಲಿ ತೆಗೆದರೆ ಇಡೀ ಹೊಲ ಫಲವತ್ತು ಅಂತ ವರದಿ ಬರುತ್ತದೆ. ಕ್ಲಾಸಿನಲ್ಲಿ ಕೈ ಎತ್ತುವ ನಾಲ್ಕು ಮಕ್ಕಳನ್ನೇ ಕೇಳಿ 'ಎಲ್ಲರಿಗೂ ಅರ್ಥ ಆಗಿದೆ' ಅಂತ ಬರೆದುಕೊಳ್ಳುವುದು ಇದೇ ಕೆಲಸ.

ತಿಳಿದ ಮೇಲೆ ಏನು ಮಾಡುತ್ತೀರಿ ಅನ್ನೋದು ಮುಖ್ಯ. ಇಲ್ಲಿ ಅಪ್ಪ ನನಗಿಂತ ಜಾಣ. ಮಳೆ ಸಕಾಲಕ್ಕೆ ಬಂದರೆ ಎಂಆರ್-1 ಬಿತ್ತುತ್ತಾರೆ, ನಾಲ್ಕು ತಿಂಗಳ ತಳಿ. ಆಗಸ್ಟ್‌ವರೆಗೂ ಮಳೆ ಕೈಕೊಟ್ಟರೆ ಆ ಬೀಜ ಮುಟ್ಟುವುದಿಲ್ಲ. ಸುಮಾರು ನೂರು ದಿನಕ್ಕೆ ಬರುವ ಜಿಪಿಯು-48 ತರುತ್ತಾರೆ. ಮಳೆಗೆ ಬೈಯುತ್ತಲೇ ತರುತ್ತಾರೆ ಅನ್ನಿ. ಶಾಲೆಯಲ್ಲಿ ನಾವು ಭಾಗಾಕಾರ ಬಾರದ ಮಗುವಿಗೂ ಆ ವಾರದ ಬೀಜಗಣಿತವನ್ನೇ ಹೇಳಿ ಮುಗಿಸುತ್ತೇವೆ. ಯಾಕಂದ್ರೆ ಪಠ್ಯ ಮುಗಿಯಬೇಕು.

ಇದು ನೋಡಿ, ಕುಂಟೆ ಹೊಡೆಯುವುದು, ಅಂದರೆ ಎತ್ತು ಕಟ್ಟಿ ಕಳೆ ತೆಗೆಯುವ ಸಲಕರಣೆ ಎಳೆಸುವುದು. ಪೈರಿಗೆ ಮೂರು ವಾರ ಆಗಿದೆ. ಹೊಸಬರು ನೋಡಿದರೆ ಎದೆ ಧಸಕ್ ಅನ್ನುತ್ತದೆ, ಎತ್ತು ಪೈರಿನ ಮೇಲೇ ನಡೆಯುತ್ತವೆ. ಆದರೆ ಕಳೆ ಹೋಗುತ್ತದೆ, ಒತ್ತಾದ ಕಡೆ ಪೈರು ತೆಳುವಾಗುತ್ತದೆ, ಉಳಿದದ್ದು ಚೆನ್ನಾಗಿ ತೆಂಡೆ ಒಡೆಯುತ್ತದೆ, ಅಂದರೆ ಬುಡದಿಂದ ಹೊಸ ಕವಲು ಬರುತ್ತದೆ. ಪಕ್ಕದ ಹೊಲದ ಯಜಮಾನರು ಪ್ರತಿವರ್ಷ ಒಂದೇ ಮಾತು ಹೇಳುತ್ತಾರೆ: 'ಮೇಷ್ಟ್ರೇ, ಮಕ್ಕಳಿಗೂ ಹಿಂಗೇ ನಾಲ್ಕು ಏಟು ಬಿಡಬೇಕು, ಆಗ ಸರಿಹೋಗ್ತಾರೆ.' ನಾನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬೇಡ ಅನ್ನುತ್ತದೆ ಅಂತ ಮಾತ್ರ ಅಲ್ಲ. ಕುಂಟೆ ಕೆಲಸ ಮಾಡುವುದು ಪೈರಿನ ಸುತ್ತ, ಮಣ್ಣು ಸಡಿಲ ಮಾಡೋದಕ್ಕೆ. ಇನ್ನೊಂದು, ಹೆಚ್ಚಾದ ಪೈರನ್ನು ಕಿತ್ತು ಬಿಸಾಡಬಹುದು. ಅರವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ನಡುನಡುವೆ ಕಾಣುವುದು ಅಕ್ಕಡಿ ಸಾಲು, ರಾಗಿಯ ಮಧ್ಯೆ ಹಾಕುವ ಬೇರೆ ಬೆಳೆ. ಅವರೆ, ತೊಗರಿ, ಹುಚ್ಚೆಳ್ಳು. ಅವ್ವನ ಇಲಾಖೆ ಅದು, ಬೀಜ ಎತ್ತಿಡುವುದೂ ಅವಳೇ. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ, ತೊಗರಿ ಇನ್ನೂ ತಡ. ರಾಗಿ ಜೊತೆಗೇ ಎಲ್ಲವನ್ನೂ ಕೊಯ್ದು ಹಾಕಿದರೆ ಅವ್ವ ನನ್ನನ್ನು ಮತ್ತೆ ಹೊಲಕ್ಕೆ ಬಿಡುವುದಿಲ್ಲ.

ಹೊಲದಲ್ಲಿ ಒಂದೊಂದು ಬೆಳೆಗೆ ಒಂದೊಂದು ಕಾಲ, ಎಸ್ಸೆಸ್ಸೆಲ್ಸಿಗೆ ಮಾತ್ರ ಎಲ್ಲರಿಗೂ ಒಂದೇ ದಿನ. ದಾಟದವರಿಗೆ ಮೊದಲು ಪೂರಕ ಪರೀಕ್ಷೆ ಅಂತ ಒಂದಿತ್ತು. 2024ರಲ್ಲಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಆಯಿತು. ಸ್ಟಾಫ್ ರೂಮಿನಲ್ಲಿ ಗೊಣಗಿದವರೇ ಜಾಸ್ತಿ. ಬೇಸಿಗೆ ರಜೆಯಲ್ಲಿ ವಿಶೇಷ ತರಗತಿ ಅಂದರೆ ಯಾರಿಗೆ ಖುಷಿ? ನನಗೂ ರಜೆ ಹೋಯಿತು, ಮುಂಗಾರಿನ ಉಳುಮೆ ಅಪ್ಪನ ತಲೆಗೇ ಬಂತು. ಆದರೂ ನಾನು ಅದರ ಪರ. ಮಾರ್ಚ್‌ನಲ್ಲೂ ಜೂನ್‌ನಲ್ಲೂ ಗಣಿತ ದಾಟದ ಒಬ್ಬ ಹುಡುಗಿ ಆಗಸ್ಟ್‌ನಲ್ಲಿ ದಾಟಿದಳು, ಅದೇ ವರ್ಷ ಪಿಯುಸಿ ಸೇರಿದಳು. ಗಣಿತದ ಸಹವಾಸವೇ ಬೇಡ ಅಂತ ಆರ್ಟ್ಸ್ ತಗೊಂಡಳಂತೆ. ತಗೊಳ್ಳಲಿ ಬಿಡಿ.