ಹುಲ್ಲನ್ನು ತೂಗಿ ಹಾಕಿ, ಸ್ವಾಮಿ!

ನಮಸ್ಕಾರ. ಇವತ್ತು ಪೀಠಿಕೆ ಇಲ್ಲ, ನೇರವಾಗಿ ಜಗಳಕ್ಕೆ ಬರುತ್ತೇನೆ. ಕಳೆದ ವಾರದ ವಿಡಿಯೊದಲ್ಲಿ ನಮ್ಮ ಕುದುರೆ ಲಾಯದ ತೊಲೆಗೆ ತಕ್ಕಡಿ ನೇತುಹಾಕಿ, ಬಲೆಚೀಲಕ್ಕೆ ಒಣಹುಲ್ಲು ತುಂಬಿ ತೂಗುವುದನ್ನು ತೋರಿಸಿದ್ದೆ. ಅದರ ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: "ಬಂಗಾರ ತೂಗುವವರನ್ನು ನೋಡಿದ್ದೇನೆ, ಹುಲ್ಲು ತೂಗುವ ಜಿಪುಣರನ್ನು ಇದೇ ಮೊದಲು ನೋಡಿದ್ದು. ನಮ್ಮಜ್ಜ ಮನೆ ತುಂಬ ಎಮ್ಮೆ ಸಾಕಿದ್ದರು, ಒಂದು ದಿನವೂ ತಕ್ಕಡಿ ಮುಟ್ಟಲಿಲ್ಲ." ಇದಕ್ಕೆ ಬಿದ್ದ ಮೆಚ್ಚುಗೆ ನನ್ನ ವಿಡಿಯೊಗೆ ಬಿದ್ದುದಕ್ಕಿಂತ ಹೆಚ್ಚು. ಅದು ಬೇರೆ ಹೊಟ್ಟೆಯುರಿ, ಇರಲಿ.

ನಿಮ್ಮ ಅಜ್ಜನವರಿಗೆ ದೊಡ್ಡ ನಮಸ್ಕಾರ. ಆದರೆ ಅವರು ಅಳತೆಯೇ ಮಾಡಲಿಲ್ಲ ಎಂದು ನಿಮಗೆ ಯಾರು ಹೇಳಿದರು? ಒಕ್ಕಣೆ ಮುಗಿದ ಮೇಲೆ ಎಷ್ಟು ಗಾಡಿ ಹುಲ್ಲು ಬಂತು, ಬಣವೆ ಎಷ್ಟು ಎತ್ತರ ಎದ್ದಿತು, ಮುಂದಿನ ಮುಂಗಾರಿನ ಹಸಿರು ಬರುವವರೆಗೆ ಅದು ಸಾಕಾಗುತ್ತದೆಯೇ, ಸಾಲದಿದ್ದರೆ ಯಾವ ದನವನ್ನು ಸಂತೆಗೆ ಹೊಡೆಯಬೇಕು ಎಂಬುದೆಲ್ಲ ಅವರ ತಲೆಯೊಳಗೆ ಲೆಕ್ಕವಾಗಿ ಕೂತಿರುತ್ತಿತ್ತು. ಗಾಡಿಯೇ ಅವರ ತಕ್ಕಡಿ. ಅದನ್ನು ನೋಡದೆ "ನಮ್ಮಜ್ಜ ಕೈಯಳತೆಯಲ್ಲಿ ಹಾಕುತ್ತಿದ್ದರು" ಎನ್ನುವ ಮೊಮ್ಮಕ್ಕಳು ಅಜ್ಜನ ಕೆಲಸವನ್ನು ಜಗಲಿಯಿಂದಲೇ ಕಂಡವರು.

ಹೊಸಬರಿಗೆ ಒಂದು ಮಾತು. ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಾನು ಹೇಳುವ ಒಣಹುಲ್ಲು ನಮ್ಮ ಕಡೆಯ ಭತ್ತದ ಹುಲ್ಲೂ ಅಲ್ಲ, ರಾಗಿ ಹುಲ್ಲೂ ಅಲ್ಲ. ಕಾಳು ಕಟ್ಟುವ ಮೊದಲೇ ಹಸಿಯಾಗಿ ಕೊಯ್ದು, ಹೊಲದಲ್ಲೇ ಒಣಗಿಸಿ, ಯಂತ್ರದಿಂದ ಪೆಂಡಿ ಕಟ್ಟಿದ ಮೇವಿನ ಹುಲ್ಲು. ಕೆಲವರದರಲ್ಲಿ ಕುದುರೆ ಮೆಂತ್ಯವೂ ಬೆರೆತಿರುತ್ತದೆ. ಬೇಸಿಗೆಯಲ್ಲಿ ಕೊಯ್ದದ್ದು ಮುಂದಿನ ಮೇ ತಿಂಗಳವರೆಗೆ ಬರಬೇಕು. ನಡುವೆ ಹಿಮದ ಕೆಳಗೆ ಹುಲ್ಲುಗಾವಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಲೆಕ್ಕಕ್ಕೆ ಬನ್ನಿ. ಕುದುರೆಗೆ ದಿನಕ್ಕೆ ತನ್ನ ಮೈತೂಕದ ಸುಮಾರು ಶೇ 2ರಷ್ಟು ಮೇವು ಬೇಕು, ಅದೂ ನೀರಿನಂಶ ಕಳೆದ ತೂಕದಲ್ಲಿ. 500 ಕೆಜಿ ಕುದುರೆಗೆ 10 ಕೆಜಿ. ಒಣಹುಲ್ಲಿನಲ್ಲೂ ಒಂದಿಷ್ಟು ತೇವ ಇರುವುದರಿಂದ ತಕ್ಕಡಿಯ ಮೇಲೆ ಅದು ಸುಮಾರು 11 ಕೆಜಿ. ಅಕ್ಟೋಬರ್ ನಡುವಿನಿಂದ ಮೇ ನಡುವಿನವರೆಗೆ 212 ದಿನ. ಒಂದು ಕುದುರೆಗೆ 2,332 ಕೆಜಿ. ಪೆಂಡಿ 22 ಕೆಜಿ ತೂಗುತ್ತದೆ ಎಂದು ನಂಬಿ 106 ಪೆಂಡಿ ಕೊಂಡು, ಕೊಟ್ಟಿಗೆಯಲ್ಲಿ ಚೆಂದಕ್ಕೆ ಜೋಡಿಸಿ, ಫೋಟೊ ತೆಗೆದು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಿರಿ. ಆದರೆ ಪೆಂಡಿ ನಿಜಕ್ಕೂ ತೂಗುವುದು 18 ಕೆಜಿ. ಹುಲ್ಲು ಮಾರಿದವನು ಮೋಸ ಮಾಡಿಲ್ಲ, ಅವನು "106 ಪೆಂಡಿ" ಎಂದ, 106 ಪೆಂಡಿ ಕೊಟ್ಟ. ನಿಮಗೆ ಕಡಿಮೆಯಾದದ್ದು 424 ಕೆಜಿ. ಅಂದರೆ ಒಂದು ಕುದುರೆಯ ಮೂವತ್ತೆಂಟು ದಿನದ ಊಟ! ಏಪ್ರಿಲ್ ಮೊದಲ ವಾರದಲ್ಲಿ ಕೊಟ್ಟಿಗೆ ಖಾಲಿ, ಹೊರಗೆ ಇನ್ನೂ ಹಿಮ, ಊರಿನಲ್ಲಿ ಎಲ್ಲರ ಹುಲ್ಲೂ ಮುಗಿಯುತ್ತಾ ಬಂದಿರುವ ಹೊತ್ತು. ಆಗ ಹುಲ್ಲಿನವನಿಗೆ ಫೋನ್ ಮಾಡಿ ನೋಡಿ, ಅವನ ದನಿಯಲ್ಲೇ ಬೆಲೆ ಗೊತ್ತಾಗುತ್ತದೆ.

ಅದಕ್ಕೇ ಹೇಳುವುದು, ಹುಲ್ಲನ್ನು ತೂಗಿ. ಕೊಳ್ಳುವಾಗ ತೂಗಿ, ಹಾಕುವಾಗ ತೂಗಿ.

"ಬೆಳಿಗ್ಗೆ ಎರಡು ಪದರ, ಸಂಜೆ ಎರಡು ಪದರ ಹಾಕುತ್ತೇವೆ, ಕುದುರೆ ಚೆನ್ನಾಗಿಯೇ ಇದೆ" ಎಂದು ಇನ್ನೊಬ್ಬರು ಬರೆದಿದ್ದಾರೆ. ಪೆಂಡಿಯ ದಾರ ಕತ್ತರಿಸಿದರೆ ಅದು ತಾನಾಗಿಯೇ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ನಿಜ. ಎಲ್ಲರೂ ಆ ಪದರವನ್ನೇ ಸೇರು, ಪಾವು ಎಂಬಂತೆ ಅಳತೆಯ ಪಾತ್ರೆ ಮಾಡಿಕೊಂಡಿದ್ದಾರೆ. ನನ್ನ ಕೊಟ್ಟಿಗೆಯಲ್ಲಿ ಎರಡು ಕೊಯ್ಲಿನ ಹುಲ್ಲಿದೆ. ಮೊದಲ ಕೊಯ್ಲಿನದು ದಂಟು ದಂಟಾಗಿ, ತೆನೆಯ ತುದಿ ಒರಟಾಗಿ, ಕೈಯಲ್ಲಿ ಹಿಸುಕಿದರೆ ಮತ್ತೆ ಉಬ್ಬಿ ನಿಲ್ಲುವಂಥದ್ದು. ಎರಡನೆಯದು ಎಲೆ ಹೆಚ್ಚು, ಮೆತ್ತಗೆ, ಹಸಿರು ಮಾಸದ ಬಣ್ಣ, ಒತ್ತಿ ಕೂತಿರುತ್ತದೆ. ಎರಡರಿಂದಲೂ ಒಂದೇ ದಪ್ಪದ ಪದರ ತೆಗೆದು ತೂಗಿದೆ. ಮೊದಲನೆಯದು 1.4 ಕೆಜಿ, ಎರಡನೆಯದು 2.6 ಕೆಜಿ. ನಾಲ್ಕು ಪದರಕ್ಕೆ ಒಂದರಲ್ಲಿ 5.6 ಕೆಜಿ, ಇನ್ನೊಂದರಲ್ಲಿ 10.4 ಕೆಜಿ. ಇದು ಊಟವೋ, ಲಾಟರಿಯೋ?

ಸುಮಾರು 500 ಕೆಜಿ ತೂಗುವ ನಮ್ಮ ಕುದುರೆ ಗೌರಿಗೆ 5.6 ಕೆಜಿ ಹಾಕಿದರೆ ಅರ್ಧ ಹೊಟ್ಟೆ. ಕುಳ್ಳ ತಳಿಯ ನಮ್ಮ ಭೀಮ ಇರುವುದೇ 250 ಕೆಜಿ. ಅವನಿಗೆ 10.4 ಕೆಜಿ ಹಾಕಿದರೆ ಅದು ದಿನವೂ ಮದುವೆ ಮನೆ. ಅವನಂಥ ಮೈ ಬೇಗ ಬರುವ ಕುದುರೆಗಳಿಗೆ ಗೊರಸಿನ ಒಳಗೆ ಉರಿಯೂತ ಬರುತ್ತದೆ, ಲ್ಯಾಮಿನೈಟಿಸ್ ಎನ್ನುತ್ತಾರೆ, ಕಾಲೂರಲಾರದೆ ನಿಲ್ಲುತ್ತವೆ. "ಎರಡು ಪದರ" ಎಂಬ ಒಂದೇ ಮಂತ್ರದಿಂದ ಒಬ್ಬಳನ್ನು ಉಪವಾಸ ಕೆಡವಿ, ಇನ್ನೊಬ್ಬನನ್ನು ತಿನ್ನಿಸಿ ಕೆಡವಬಹುದು.

ಚಳಿಗಾಲದಲ್ಲಿ ಕಣ್ಣಂದಾಜನ್ನು ನಂಬುವುದಂತೂ ಶುದ್ಧ ದಡ್ಡತನ. ಡಿಸೆಂಬರ್ ಹೊತ್ತಿಗೆ ಕುದುರೆಯ ಮೈಮೇಲೆ ಉದ್ದನೆಯ ರೋಮ ಬಂದು ನಿಂತಿರುತ್ತದೆ. ದೂರದಿಂದ ನೋಡಿದರೆ ದುಂಡಗೆ, ತುಂಬಿಕೊಂಡಂತೆ ಕಾಣುತ್ತದೆ. ಕೈಗವಸು ಬಿಚ್ಚಿ, ಬೆರಳನ್ನು ರೋಮದೊಳಕ್ಕೆ ಇಳಿಸಿ, ಚರ್ಮದವರೆಗೆ ಹೋಗಿ, ಪಕ್ಕೆಯ ಮೇಲೆ ಅಡ್ಡಲಾಗಿ ಎಳೆಯಿರಿ. ಬೆನ್ನುಮೂಳೆಯ ಅಂಚು, ಬಾಲದ ಬುಡ, ಭುಜದ ಹಿಂದಿನ ತಗ್ಗು, ಎಲ್ಲ ಮುಟ್ಟಿ ನೋಡಿ. ಟೆಕ್ಸಾಸ್‌ನ ಹೆನೆಕೆ ಎಂಬವರು 1983ರಲ್ಲಿ ಇದಕ್ಕೆಂದೇ 1ರಿಂದ 9ರವರೆಗಿನ ಅಂಕಪಟ್ಟಿ ಕೊಟ್ಟಿದ್ದಾರೆ. ಐದರ ಆಸುಪಾಸು ಇದ್ದರೆ ನೆಮ್ಮದಿ. ನಿಮ್ಮ "ಕುದುರೆ ಚೆನ್ನಾಗಿಯೇ ಇದೆ" ಎಂಬುದು ಆ ಪಟ್ಟಿಯಲ್ಲಿ ಎಷ್ಟನೆಯ ಅಂಕವೋ ನನಗೆ ಸಿಗಲಿಲ್ಲ.

ಕುದುರೆಯನ್ನು ತೂಗುವುದು ಹೇಗೆ ಎಂದು ಕೇಳಿದವರಿಗೆ: ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಮುಂಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಗೌರಿಯದು 190 ಮತ್ತು 165, ಉತ್ತರ 501 ಕೆಜಿ. ಈ ಲೆಕ್ಕದ ಚಾರ್ಟನ್ನು ಕನ್ನಡದಲ್ಲಿ ಮಾಡಿ ಕೆಳಗೆ ಕೊಂಡಿ ಹಾಕಿದ್ದೇನೆ. ಉಚಿತ. ಚಾನೆಲ್‌ಗೆ ಚಂದಾದಾರರಾಗದೆಯೂ ಇಳಿಸಿಕೊಳ್ಳಬಹುದು, ಆದರೆ ನಿಮ್ಮ ಆತ್ಮಸಾಕ್ಷಿ ನಿಮ್ಮನ್ನು ಬಿಡುವುದಿಲ್ಲ.

ಇನ್ನು ನನ್ನ ಮೆಚ್ಚಿನ ಕಾಮೆಂಟು. ತುಮಕೂರು ಕಡೆಯವರು. "ಇಷ್ಟೆಲ್ಲ ಯಾಕೆ? ಚಳಿ ಹೆಚ್ಚಾದರೆ ಹುರುಳಿ ಬೇಯಿಸಿ ಹಾಕಿ, ಹುರುಳಿ ಉಷ್ಣ, ಮೈ ತಾನೇ ಬಿಸಿಯಾಗುತ್ತದೆ." ಸ್ವಾಮಿ, ನಿಮ್ಮ ವಾದದಲ್ಲಿ ಹುರುಳಿ ಇದೆ, ಹುರುಳಿಲ್ಲ. ಹುರುಳಿ ತಿಂದು ದುಡಿದ ಕುದುರೆಗಳನ್ನು ನಾನು ಅವಮಾನ ಮಾಡುತ್ತಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಕುಣಿಗಲ್ ನಿಮ್ಮ ಜಿಲ್ಲೆಯಲ್ಲೇ ಇದೆ, ನನಗೂ ಗೊತ್ತು. ಆದರೆ ಕುಣಿಗಲ್ಲಿನ ಡಿಸೆಂಬರ್ ಬೆಳಗಿನ ಚಳಿಗೆ ಮಫ್ಲರ್ ಸುತ್ತಿಕೊಳ್ಳುವುದು ಮನುಷ್ಯರು, ಕುದುರೆಗೆ ಅದು ಸುಖದ ಹವೆ. ದಪ್ಪ ರೋಮ ಬಂದ, ಮೈ ಒಣಗಿರುವ ಕುದುರೆ ಸುಮಾರು ಮೈನಸ್ 8 ಡಿಗ್ರಿಯವರೆಗೆ ಮೈ ಬಿಸಿಗೆಂದು ಹೆಚ್ಚಿನದೇನನ್ನೂ ಕೇಳುವುದಿಲ್ಲ. ಅದಕ್ಕಿಂತ ಕೆಳಗಿಳಿದಾಗ, ಇಳಿದ ಪ್ರತಿ ಡಿಗ್ರಿಗೆ ಶೇ 2ರ ಹತ್ತಿರ ಹೆಚ್ಚು ಶಕ್ತಿ ಬೇಕು. ಮೈನಸ್ 20ರಲ್ಲಿ ಶೇ 20ಕ್ಕಿಂತ ತುಸು ಹೆಚ್ಚು. ಗೌರಿಯ 11 ಕೆಜಿ ಆಗ ಹದಿಮೂರೂವರೆ ಆಗುತ್ತದೆ. ಮಳೆ ಅಥವಾ ಹಸಿ ಹಿಮದಲ್ಲಿ ರೋಮ ತೊಯ್ದು ಅಂಟಿಕೊಂಡರೆ ಸೊನ್ನೆಗಿಂತ ಮೇಲೆಯೇ, ನಾಲ್ಕೈದು ಡಿಗ್ರಿಯಲ್ಲೇ ನಡುಗಲು ಶುರು.

ಆ ಹೆಚ್ಚುವರಿ ಎರಡೂವರೆ ಕೆಜಿ ಹುಲ್ಲೇ ಆಗಿರಬೇಕು. ಯಾಕೆಂದರೆ ನಾರು ಜೀರ್ಣವಾಗುವುದು ಕುದುರೆಯ ದೊಡ್ಡ ಕರುಳಿನಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳ ಕೈಯಲ್ಲಿ, ಗಂಟೆಗಟ್ಟಲೆ. ಆ ಹುದುಗುವಿಕೆಯಲ್ಲಿ ಹುಟ್ಟುವ ಶಾಖ ಹೊಟ್ಟೆಯೊಳಗಿಂದಲೇ ಮೈ ಕಾಯಿಸುತ್ತದೆ. ಕಾಳು ಶಕ್ತಿ ಕೊಡುತ್ತದೆ, ಈ ಶಾಖವನ್ನು ಅಷ್ಟು ಕೊಡುವುದಿಲ್ಲ. ಒಮ್ಮೆಗೇ ಕಾಳು ಹೆಚ್ಚಿಸಿದರೆ ಹೊಟ್ಟೆನೋವು ಬಂದು ಕುದುರೆ ನೆಲಕ್ಕೆ ಬಿದ್ದು ಹೊರಳುತ್ತದೆ, ಮೇಲೆ ಹೇಳಿದ ಗೊರಸಿನ ಉರಿಯೂತವೂ ಬರಬಹುದು. ಹುಲ್ಲು ಹೆಚ್ಚಿಸಿದ ದಿನ ನೀರನ್ನೂ ನೋಡಿ, ಮಂಜುಗಡ್ಡೆ ಕಟ್ಟಿದ ತೊಟ್ಟಿಯ ಮುಂದೆ ನಿಂತು ಒಣಹುಲ್ಲು ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ನೀರು ಕಾಯಿಸುವ ಯಂತ್ರದ ಬಗ್ಗೆ ಬೇರೆ ವಿಡಿಯೊ ಇದೆ, ನೋಡಿ. ಅದನ್ನು ಇದುವರೆಗೆ ನೋಡಿದವರು ನಮ್ಮ ಅತ್ತೆ ಮನೆಯವರು ಮಾತ್ರ.

ಈಗ ಹೇಳಿ, ಹದಿಮೂರೂವರೆ ಕೆಜಿಯನ್ನು ಕೈಯಳತೆಯಲ್ಲಿ ಹೇಗೆ ಹಾಕುತ್ತೀರಿ? ಎರಡು ಪದರ ಮತ್ತು ಒಂದು ಚಿಟಿಕೆಯೇ?

"ಮುಂದೆ ದುಂಡಗೆ ಸುತ್ತಿದ ಹುಲ್ಲಿನ ಇಡೀ ರೋಲ್ ಉರುಳಿಸಿಬಿಡಿ, ಕುದುರೆಗೆ ಎಷ್ಟು ಬೇಕೋ ಅದಕ್ಕೇ ಗೊತ್ತು" ಎನ್ನುವ ಜ್ಞಾನಿಗಳೂ ಇದ್ದಾರೆ. ಭೀಮನಿಗೆ ಗೊತ್ತೇ? ಭೀಮನಿಗೆ ಗೊತ್ತಿರುವುದು ಒಂದೇ, ತಿನ್ನುವುದು. ಮದುವೆ ಊಟದಲ್ಲಿ "ಹೋಳಿಗೆ ಎಷ್ಟು ಬೇಕೋ ನನಗೇ ಗೊತ್ತು" ಎಂದವರನ್ನು ಎಬ್ಬಿಸಲು ಇಬ್ಬರು ಬೇಕಾದದ್ದನ್ನು ನಾನು ಕಂಡಿದ್ದೇನೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದಾರೆ: ದೊಡ್ಡ ರೋಲನ್ನು ಗೋದಲಿ, ಚೌಕಟ್ಟು ಏನೂ ಇಲ್ಲದೆ ನೆಲದ ಮೇಲೆ ಬಿಟ್ಟಾಗ ಶೇ 57ರಷ್ಟು ಹುಲ್ಲು ಹಾಳಾಯಿತು. ಅರ್ಧಕ್ಕಿಂತ ಹೆಚ್ಚು! ತುಳಿದದ್ದು, ಮಲಗಿದ್ದು, ಗಂಜಳ ಹೊಯ್ದದ್ದು. ನನ್ನನ್ನು ಜಿಪುಣ ಎನ್ನುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

ನನ್ನ ತಕ್ಕಡಿ ಯಾವುದು ಎಂದು ಬಹಳ ಜನ ಕೇಳಿದ್ದೀರಿ. ನಿಮ್ಮ ಮನೆಯಲ್ಲೂ ಇದೆ. ವಿಮಾನ ಹತ್ತುವ ಮುಂಚೆ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ. ಇಲ್ಲೇ ನನಗೆ ತಲೆ ಕೆಡುವುದು. ಊರಿಂದ ಹೊರಡುವ ರಾತ್ರಿ 23 ಕೆಜಿಗೆ ನೂರು ಗ್ರಾಮ್ ಹೆಚ್ಚಾಗದಂತೆ ಚಟ್ನಿಪುಡಿ ಈ ಚೀಲದಿಂದ ಆ ಚೀಲಕ್ಕೆ, ಮಾವಿನ ಮಿಡಿ ಆ ಚೀಲದಿಂದ ಈ ಚೀಲಕ್ಕೆ, ಮತ್ತೆ ತೂಗು, ಮತ್ತೆ ತೆಗೆ, ಅಮ್ಮನ ಕಣ್ಣಲ್ಲಿ ನೀರು, ಅಪ್ಪನ ಕೈಯಲ್ಲಿ ತಕ್ಕಡಿ. ಹಪ್ಪಳಕ್ಕೆ ಅಷ್ಟು ಶಿಸ್ತು! 500 ಕೆಜಿಯ ಜೀವದ ಊಟಕ್ಕೆ "ಸುಮಾರಾಗಿ ಹಾಕುತ್ತೇವೆ."

"ನಿಮಗೆ ಬೇರೆ ಕೆಲಸ ಇಲ್ಲವೇ" ಎಂದೊಬ್ಬರು ಕೇಳಿದ್ದಾರೆ. ಇದೆ. ಬೇಕಾದಷ್ಟಿದೆ. ಆದರೂ ತೂಗುತ್ತೇನೆ. "ಪಕ್ಕದ ಫಾರಂನವರು ತೂಗುವುದಿಲ್ಲವಲ್ಲ" ಎಂದು ಇನ್ನೊಬ್ಬರು. ಪಕ್ಕದ ಫಾರಂನವರು ಮಾರ್ಚ್ ಕೊನೆಯಲ್ಲಿ ನನ್ನ ಹತ್ತಿರವೇ ಬಂದು "ಒಂದಿಪ್ಪತ್ತು ಪೆಂಡಿ ಸಿಗುತ್ತದೆಯೇ" ಎಂದು ಕೇಳುತ್ತಾರೆ. ಕೊಡುತ್ತೇನೆ. ತೂಗಿ ಕೊಡುತ್ತೇನೆ. ಕೆಜಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತೇನೆ. ಅವರಿಗೆ ಪೌಂಡಿನಲ್ಲಿ ಪರಿವರ್ತಿಸಿಯೂ ಹೇಳುವುದಿಲ್ಲ, ಅಷ್ಟು ಸಿಟ್ಟು ನನಗೆ.

"ಕಂಬಳಿ ಹೊದಿಸಿದರೆ ಹುಲ್ಲು ಉಳಿಯುತ್ತದೆ" ಎಂದವರೇ, ನಿಮಗೆ ಮುಂದಿನ ವಾರ ಇಡೀ ಒಂದು ಕಂತು ಮೀಸಲು, ತಪ್ಪಿಸಿಕೊಳ್ಳಬೇಡಿ. "ನಮ್ಮ ಕುದುರೆ ತೂಗಿದ ಹುಲ್ಲು ತಿನ್ನುವುದಿಲ್ಲ" ಎಂದು ಬರೆದ ಪುಣ್ಯಾತ್ಮರೇ, ನಿಮಗೆ ಉತ್ತರ ಕೊಡಲು ನನಗೆ ಶಕ್ತಿ ಇಲ್ಲ. ತೂಗಿ, ಅಷ್ಟೇ. ಯಾಕೆ ಎಂದು ಕೇಳಬೇಡಿ, ತೂಗಿ. ಮಂಜು ಬೀಳುತ್ತಿದ್ದರೂ ತೂಗಿ, ನೆಂಟರು ಬಂದಿದ್ದರೂ ತೂಗಿ, ನೆಂಟರಿಗೇ ಕೊಟ್ಟು ತೂಗಿಸಿ.

"ತೂಗಿ ಹಾಕಿ" ಎಂದು ಬರೆದ ಕಾಫಿ ಲೋಟ ಮಾಡಿಸಿದ್ದೇವೆ, ಕೊಂಡಿ ಚಾರ್ಟಿನ ಕೆಳಗಿದೆ. ಲೋಟ ಉಚಿತವಲ್ಲ. ನಿಮ್ಮ ಕುದುರೆಯ ತೂಕ, ದಿನದ ಹುಲ್ಲಿನ ತೂಕ, ಎರಡನ್ನೂ ಕಾಮೆಂಟಿನಲ್ಲಿ ಕೆಜಿಯಲ್ಲೇ ಬರೆಯಿರಿ, ಒಬ್ಬರಿಗೆ ಲೋಟ ಕಳಿಸುತ್ತೇನೆ, ಅಂಚೆ ವೆಚ್ಚ ನಿಮ್ಮದು. "ಒಂದು ಹೊರೆ", "ಒಂದು ತೆಕ್ಕೆ", "ಸಾಕಾಗುವಷ್ಟು" ಎಂದು ಬರೆದ ಕಾಮೆಂಟುಗಳನ್ನು ಓದದೆ ಅಳಿಸುತ್ತೇನೆ.